ತಂಗಿ ಮೊಬೈಲಲ್ಲಿ ಬರೋ ಸೂರ್ಯಾಸ್ತ ನನ್ನ ಕ್ಯಾಮೆರಾದಲ್ಲಿ ಯಾಕೆ ಬರಲ್ಲ?

ಕುಮಟೆಕಾರ:

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ವಿಷಯದಲ್ಲಿ ನಾನು ಪೂರ್ತಿ ಹೊಸಬ, ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ಮೂರು ತಿಂಗಳ ಹಿಂದೆ ಪರಿಚಯದವ್ರ ಹತ್ರ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5300 ತಗೊಂಡೆ, ಜೊತೆಗೆ 18-55 ಕಿಟ್ ಲೆನ್ಸು, ಒಂದು ಹಗುರದ ಟ್ರೈಪಾಡು (ಗಾಳಿ ಬಂದ್ರೆ ಮೊದಲು ಮಲಗೋದು ಅದೇ).

ಹೋದ ಭಾನುವಾರ ಮನೆಯವ್ರೆಲ್ಲ ಸೇರಿ ಕಾರವಾರಕ್ಕೆ ಹೋಗಿದ್ವಿ. ಟಾಗೋರ್ ಬೀಚು, ಚಪಲ್ ಯುದ್ಧನೌಕೆ ಎಲ್ಲ ನೋಡಿ ಸಂಜೆ ಸೂರ್ಯಾಸ್ತಕ್ಕೆ ಅಂತ ಕಾದು ಕೂತು ಸುಮಾರು 140 ಫೋಟೋ ತೆಗ್ದೆ. ನಾಲ್ಕು ಜನಕ್ಕೆ ತೋರ್ಸೋ ಥರದ್ದು ಒಂದೂ ಇಲ್ಲ. ಆಕಾಶ ಸರಿ ಬಂದ್ರೆ ಜನ ಇದ್ದಿಲು, ಜನ ಕಾಣಿಸಿದ್ರೆ ಆಕಾಶ ಬಿಳೀ ಪಂಚೆ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಸೂರ್ಯ ಫೋಟೋದಲ್ಲಿ ಹಣೆ ಬಿಂದಿಗಿಂತ ಚಿಕ್ಕದು. ನನ್ನ ತಂಗಿ ಐಸ್‌ಕ್ರೀಂ ತಿಂತಾ ಇನ್ನೊಂದು ಕೈಯಲ್ಲಿ ಮೊಬೈಲ್ ಎತ್ತಿ ಒಂದೇ ಒಂದು ಕ್ಲಿಕ್ ಮಾಡಿದ್ಲು, ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ತಡ ಎಲ್ಲರೂ ಹಾರ್ಟು ಹಾಕಿದ್ದೇ ಹಾಕಿದ್ದು. ಅಜ್ಜಿ ಅಂತೂ ಸೀದಾ ಕೇಳಿದ್ರು, ಅಷ್ಟು ದುಡ್ಡು ಸುರಿದು ಅದನ್ನ ಎಂತಕ್ಕೆ ತಂದ್ಯೋ ಅಂತ.

ಅದಕ್ಕೂ ಮೊದಲು ವಿಭೂತಿ ಜಲಪಾತಕ್ಕೆ ಹೋಗಿದ್ದೆ, ಮಧ್ಯಾಹ್ನ ಹನ್ನೆರಡೂವರೆ ಆಗಿತ್ತು, ನೀರೆಲ್ಲ ಸುಣ್ಣ ಬಳಿದ ಹಾಗೆ ಬಂದಿದೆ. ಅದನ್ನೂ ಹೇಳಿ.

ಕಾರವಾರದ್ದು ಒಂದು ಫೋಟೋ ಹಾಕಿದ್ದೀನಿ. ಆಟೋ ಮೋಡು, ಡಿಟೇಲ್ಸ್ ನೋಡಿದ್ರೆ ಎಫ್3.5, 1/60, ಐಎಸ್‌ಒ 800 ಅಂತ ತೋರಿಸ್ತಿದೆ. ತಂಗಿ ನಿಂತಿದ್ದಾಳೆ, ಹಿಂದೆ ದೋಣಿ, ಅದರ ಹಿಂದೆ ದ್ವೀಪ. ಬೈಯೋದಿದ್ರೆ ಬೈರಿ, ಆದ್ರೆ ಲೆನ್ಸ್ ಬದಲಾಯಿಸು ಅಂತ ಮಾತ್ರ ಹೇಳ್ಬೇಡಿ, ದುಡ್ಡಿಲ್ಲ.

ಬಳಚು ಸಾರು:

ಅಜ್ಜಿ ಹೇಳಿದ್ದೇ ಸರಿ. ಮಾರಿ ಬಿಡು ಮಾರಾಯ, ಆ ದುಡ್ಡಲ್ಲಿ ತಂಗಿಗೆ ಇನ್ನೂ ಒಳ್ಳೇ ಮೊಬೈಲ್ ಕೊಡಿಸು.

ಕ್ಲಿಕ್ ರಾಜ:

ಬ್ರೋ ಆಟೋ ಮೋಡಲ್ಲಿ ತೆಗೆಯೋದಾದ್ರೆ ಡಿಎಸ್‌ಎಲ್‌ಆರ್ ಯಾಕೆ. ಫುಲ್ ಮ್ಯಾನುವಲ್ ಕಲೀರಿ. ಮ್ಯಾನುವಲ್ ಬರದಿದ್ದವ ಫೋಟೋಗ್ರಾಫರೇ ಅಲ್ಲ.

ಮಂಗಟ್ಟೆ:

ರಾಜ ಅವ್ರೇ, ನಾನು ದಾಂಡೇಲಿಯಲ್ಲಿ ಹನ್ನೆರಡು ವರ್ಷದಿಂದ ಹಕ್ಕಿ ತೆಗೀತಿದ್ದೀನಿ, ಮುಕ್ಕಾಲು ಪಾಲು ಅಪರ್ಚರ್ ಪ್ರಯಾರಿಟಿಯಲ್ಲೇ (ಎಫ್ ಅಂಕೆ ನಾವು ಇಡೋದು, ಶಟರ್ ವೇಗ ಕ್ಯಾಮೆರಾ ನೋಡ್ಕೊಳ್ಳೋದು). ಮೊದಲ ದಿನವೇ ಮ್ಯಾನುವಲ್ ಅಂತ ಹೆದರಿಸಿದ್ರೆ ಹುಡುಗ ಕ್ಯಾಮೆರಾನ ಅಟ್ಟಕ್ಕೆ ಹಾಕ್ತಾನೆ ಅಷ್ಟೇ.

ಕುಮಟೆಕಾರ, ಮೊದಲು ಮೊಬೈಲ್ ವಿಷ್ಯ ಮುಗಿಸಿಬಿಡೋಣ. ನಿಮ್ಮ ತಂಗಿ ಒಂದು ಸಲ ಒತ್ತಿದ್ದು ಹೌದು, ಆದ್ರೆ ಮೊಬೈಲು ತೆಗ್ದಿದ್ದು ಒಂದು ಫೋಟೋ ಅಲ್ಲ. ಈಗಿನ ಫೋನುಗಳು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಹಲವಾರು ಫ್ರೇಮು ತೆಗೆದು, ಒಂದ್ರಿಂದ ಆಕಾಶ, ಇನ್ನೊಂದ್ರಿಂದ ಮುಖ ಅಂತ ಹೆಕ್ಕಿ ಹೊಲಿದು, ನೆರಳು ಎತ್ತಿ ಬಣ್ಣ ಸ್ವಲ್ಪ ಜಾಸ್ತಿ ಮಾಡಿ ಕೈಗೆ ಕೊಡ್ತವೆ. ನಿಮ್ಮ ಡಿ5300 ಮಾಮೂಲಿ ಮೋಡಲ್ಲಿ ಅಂಥ ಉಪಕಾರ ಯಾವುದೂ ಮಾಡಲ್ಲ, ಒಂದೇ ಫ್ರೇಮು, ಬಂದಷ್ಟು ಬಂತು. ಆ ಹೊಲಿಗೆ ಕೆಲಸ ನೀವು ಮಾಡ್ಬೇಕು.

ನಿಮ್ಮ ಫೋಟೋದಲ್ಲಿ ಆದದ್ದು ಇಷ್ಟೇ, ಆಟೋ ಮೋಡು ಮರಳು, ದೋಣಿ, ತಂಗಿ ಎಲ್ಲ ಕಪ್ಪಗಿದೆ ಅಂತ ಗಾಬರಿಯಾಗಿ ಐಎಸ್‌ಒ 800ಕ್ಕೆ ಏರಿಸಿ (ಅದು ಏರಿದಷ್ಟೂ ಫೋಟೋ ಬೆಳ್ಳಗಾಗತ್ತೆ), ಲೆನ್ಸಿನ ಬಾಯಿ ಪೂರ್ತಿ ತೆರೆದು (ಎಫ್ ಅಂಕೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು) ಬೆಳಕು ಬಿಟ್ಟಿದೆ, ಆಕಾಶ ಸುಟ್ಟು ಹೋಯ್ತು. ಸುಟ್ಟ ಜಾಗದಲ್ಲಿ ಆಮೇಲೆ ಎಂಥ ಸಾಫ್ಟ್‌ವೇರ್ ಹಾಕಿದ್ರೂ ಏನೂ ಹುಟ್ಟಲ್ಲ. ಕಪ್ಪಾಗಿದ್ದನ್ನ ಮಾತ್ರ ಮೇಲೆತ್ತಬಹುದು, ಈ ಕ್ಯಾಮೆರಾದ ಸೆನ್ಸರ್ ಅದ್ರಲ್ಲಿ ಗಟ್ಟಿ, ಐಎಸ್‌ಒ 100ರಲ್ಲಿ ರಾ ಫೈಲ್ (ಕ್ಯಾಮೆರಾ ಏನೂ ತಿದ್ದದ ಮೂಲ ಫೈಲು) ತೆಗೆದ್ರೆ ಎರಡು ಮೂರು ಸ್ಟಾಪು (ಒಂದು ಸ್ಟಾಪು ಅಂದ್ರೆ ಬೆಳಕು ಇಮ್ಮಡಿ) ನೆರಳು ಎತ್ತಿದ್ರೂ ತಡ್ಕೊಳ್ಳತ್ತೆ. ಅದಕ್ಕೇ ಸೂರ್ಯಾಸ್ತದಲ್ಲಿ ಆಕಾಶಕ್ಕೆ ಸರಿಯಾಗಿ ತೆಗೀರಿ, ನೆಲವನ್ನ ಮನೆಗೆ ಬಂದು ನೋಡ್ಕೊಳ್ಳಿ.

ಡಯಲ್ ಎ ಮೇಲೆ ಇಡಿ, ಅದೇ ಅಪರ್ಚರ್ ಪ್ರಯಾರಿಟಿ. ರಾ ಆನ್ ಮಾಡಿ. ಐಎಸ್‌ಒ 100, ಎಫ್8. ಮೆನುವಲ್ಲಿ ಆಟೋ ಐಎಸ್‌ಒ ಆಫ್ ಇದೆಯಾ ನೋಡಿ, ಇಲ್ಲಾಂದ್ರೆ ನೀವು 100 ಇಟ್ಟಿದ್ರೂ ಅದು ತನ್ನಿಷ್ಟಕ್ಕೆ ಏರಿಸ್ತಾ ಇರತ್ತೆ. ಶಟರ್ ಪಕ್ಕದ ಪ್ಲಸ್ ಮೈನಸ್ ಬಟನ್ ಒತ್ತಿ ಹಿಡ್ಕೊಂಡು ಡಯಲ್ ತಿರುಗಿಸಿ -1ಕ್ಕೆ ತನ್ನಿ (ಅಂದ್ರೆ ಒಂದು ಸ್ಟಾಪು ಕಪ್ಪಗೆ), ಒಂದು ಫೋಟೋ ತೆಗೀರಿ. ಪ್ಲೇಬ್ಯಾಕ್ ಮೆನುವಲ್ಲಿ ಹೈಲೈಟ್ಸ್ ಅನ್ನೋದು ಆನ್ ಮಾಡಿಟ್ರೆ ಸುಟ್ಟ ಜಾಗ ಸ್ಕ್ರೀನಲ್ಲಿ ಮಿಣ ಮಿಣ ಅನ್ನತ್ತೆ. ಸೂರ್ಯನ ಬಿಲ್ಲೆ ಒಂದೇ ಮಿನುಗಿದ್ರೆ ತಲೆ ಕೆಡಿಸ್ಕೋಬೇಡಿ, ಅದು ಸುಡೋದೇ. ಸುತ್ತ ಮೋಡ ಎಲ್ಲ ಮಿನುಗ್ತಿದ್ರೆ -1.7, -2 ಅಂತ ಇಳಿಸ್ತಾ ಹೋಗಿ. ಐದೈದು ನಿಮಿಷಕ್ಕೆ ಮತ್ತೆ ನೋಡ್ಬೇಕು, ಆ ಹೊತ್ತಲ್ಲಿ ಬೆಳಕು ನಿಂತಲ್ಲಿ ನಿಲ್ಲಲ್ಲ.

ಸೂರ್ಯ ಬಿಂದಿ ಆಗೋದು ಕ್ಯಾಮೆರಾ ತಪ್ಪಲ್ಲ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಅಷ್ಟೇ. ನಿಮ್ಮ ಲೆನ್ಸಲ್ಲಿ ಜೂಮ್ 18 ಎಂಎಂಗೆ ಇಟ್ಟು ತೆಗೆದ್ರೆ ಸೂರ್ಯ ಫೋಟೋ ಅಗಲದ ಸುಮಾರು 140ರಲ್ಲಿ ಒಂದು ಪಾಲು, 55ಕ್ಕೆ ಎಳೆದ್ರೆ 47ರಲ್ಲಿ ಒಂದು ಪಾಲು. ಪೋಸ್ಟರಲ್ಲಿ ಕಾಣೋ ಆ ಬಟ್ಟಲಿನಂಥ ಸೂರ್ಯ ಎಲ್ಲ 300, 400ರ ಲೆನ್ಸಿಂದ ಬಂದಿದ್ದು. (ದುಡ್ಡು ಬಂದು ಅಂಥ ಲೆನ್ಸ್ ತಗೊಂಡ ದಿನ ನೆನಪಿಟ್ಕೊಳ್ಳಿ, ಸೂರ್ಯ ಇನ್ನೂ ಮೇಲಿರುವಾಗ ವ್ಯೂಫೈಂಡರಿಗೆ ಕಣ್ಣಿಟ್ಟು ನೋಡ್ಲೇಬಾರ್ದು, ಕಣ್ಣು ಹೋಗತ್ತೆ, ಲೈವ್ ವ್ಯೂ ಅಂದ್ರೆ ಹಿಂದಿನ ಸ್ಕ್ರೀನ್ ಬಳಸಿ.) ಈಗ ಇರೋ ಲೆನ್ಸಲ್ಲಿ ಸೂರ್ಯನ ಹಿಂದೆ ಬೀಳೋದು ಬಿಟ್ಟು ಬೆಳಕಿನ ಹಿಂದೆ ಬೀಳಿ. ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷ ಆದ್ಮೇಲೆ ಆಕಾಶ ಕೆಂಪಿಂದ ನೇರಳೆಗೆ ಹೋಗುವಾಗ ಜನ ಎಲ್ಲ ಭೇಲ್‌ಪುರಿ ಅಂಗಡಿ ಕಡೆ ನಡೆದಿರ್ತಾರೆ, ಅವಾಗ ಟ್ರೈಪಾಡ್ ತೆಗೀರಿ.

ಹಳೇ ರೀಲು:

ತಮಾ, ನಾ ಶಿರಸಿ ಕಡೆಯವ, ಮೂವತ್ತು ವರ್ಷ ಮದುವೆ ಮುಂಜಿ ತೆಗೆದವ. ಒಂದು ರೀಲಿಗೆ 36 ಫೋಟೋ, ಮದುಮಗ ತಾಳಿ ಕಟ್ಟೋ ಹೊತ್ತಿಗೆ ರೀಲು ಖಾಲಿ ಆದ್ರೆ ಊಟಕ್ಕೂ ಕರೀತಿರ್ಲಿಲ್ಲ. ಹಾಗಾಗಿ ಒತ್ತೋ ಮೊದಲು ನೋಡೋ ಚಟ ಬೆಳೆದದ್ದು. ಸೆಟ್ಟಿಂಗ್ ವಿಷ್ಯ ಮಂಗಟ್ಟೆಯವ್ರು ಸರಿಯಾಗೇ ಹೇಳಿದ್ದಾರೆ, ನಾ ಅದಕ್ಕೆ ಕೈ ಹಾಕಲ್ಲ. ಆದ್ರೆ ಆ ಸೆಟ್ಟಿಂಗು ಪೂರಾ ಸರಿ ಮಾಡಿ ಇದೇ ಫೋಟೋ ಮತ್ತೆ ತೆಗೆದ್ರೂ ಅದು ಚಂದ ಆಗೂದಿಲ್ಲ. ಎಂತಕ್ಕೆ ಅಂತ ಹೇಳ್ತೆ ಕೇಳು.

ನಿನ್ನ ಫೋಟೋ ದೊಡ್ಡ ಮಾಡಿ ನೋಡಿದೆ. ಕಡಲಿನ ಗೆರೆ ನಿನ್ನ ತಂಗಿಯ ಈ ಕಿವಿಯಿಂದ ಹೊಕ್ಕು ಆ ಕಿವಿಯಿಂದ ಹೊರಗೆ ಬಂದಿದೆ, ತಲೆಗೆ ಕೋಲು ಚುಚ್ಚಿದ ಹಾಗೆ. ಹಿಂದಿನ ದೋಣಿ ಪೂರ್ತಿ ಆ ಗೆರೆಗಿಂತ ಕೆಳಗೇ ಇದೆ, ಕಪ್ಪು ನೀರಿನ ಮೇಲೆ ಕಪ್ಪು ದೋಣಿ, ನೀ ಹೇಳದಿದ್ರೆ ಅಲ್ಲಿ ದೋಣಿ ಇದೆ ಅಂತ್ಲೇ ನಂಗೆ ಗೊತ್ತಾಗ್ತಿರ್ಲಿಲ್ಲ. ಬಲಗಡೆ ತುದಿಯಲ್ಲಿ ಒಂದು ನಾಯಿ ಬಾಲ. ನಾಯಿ ಎಲ್ಲೋ ಏನೋ, ಬಾಲ ಒಂದೇ ಉಳಿದಿದೆ. ಗೆರೆ ಬೇರೆ ಎಡಕ್ಕೆ ವಾಲಿದೆ, ಸಮುದ್ರದ ನೀರೆಲ್ಲ ಅಂಕೋಲಾ ಕಡೆ ಸುರಿದು ಹೋಗ್ತಿದೆಯೇನೋ ಅನ್ನಿಸ್ತದೆ.

ಇದು ಒಂದು ಮಾತು ಗಟ್ಟಿ ಹಿಡ್ಕೋ. ಸಪಾಟು ಮರಳಲ್ಲಿ ಸಮುದ್ರದ ಎದುರು ನಿಂತಾಗ ಕಡಲಿನ ಗೆರೆ ಎಲ್ಲದರ ಮೇಲೂ ನಿನ್ನ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಹಾದು ಹೋಗ್ತದೆ. ಹತ್ರದವ್ರಿರಲಿ ದೂರದವ್ರಿರಲಿ. ನೀ ನಿಂತು ತೆಗೆದ್ರೆ ಕ್ಯಾಮೆರಾ ಐದಡಿ ಮೇಲೆ, ಅಂದ್ರೆ ಐದಡಿಗಿಂತ ಕುಳ್ಳಗಿರೋದೆಲ್ಲ ನೀರಲ್ಲಿ ಮುಳುಗ್ತು, ಐದಡಿ ಮೇಲಿಂದು ಮಾತ್ರ ಆಕಾಶಕ್ಕೆ ಬಂತು. ದೋಣಿ ಮೂತಿ ಎಷ್ಟು, ಹೆಚ್ಚಂದ್ರೆ ನಾಕಡಿ. ಅದಕ್ಕೇ ಅದು ಕಾಣಲಿಲ್ಲ. ಮಂಡಿ ಊರಿ ಕೂತು ಕ್ಯಾಮೆರಾ ಎರಡಡಿಗೆ ಇಳಿಸಿದ್ಯೋ, ದೋಣಿ ಮೂತಿ ಗೆರೆಯಿಂದ ಮೇಲೆ ಎದ್ದು ಬೆಳಕಿನ ಎದುರು ನಿಲ್ತದೆ. ತಂಗಿ ತೊಡೆಯಿಂದ ಮೇಲೆ ಆಕಾಶದಲ್ಲಿರ್ತಾಳೆ, ಕುತ್ತಿಗೆ, ಜಡೆ, ಕೈಯಲ್ಲಿನ ಐಸ್‌ಕ್ರೀಂ ಎಲ್ಲ ಕತ್ತರಿಸಿ ಅಂಟಿಸಿದ ಹಾಗೆ ಕಾಣ್ತದೆ. ಅವಾಗ ಜನ ಕಪ್ಪಾದ್ರೂ ಅದು ತಪ್ಪಾಗಿ ಕಾಣೂದಿಲ್ಲ, ಆಕಾರ ಸಾಕು. ನೀ ಇಷ್ಟು ದಿನ ಕಪ್ಪಾಯ್ತು ಕಪ್ಪಾಯ್ತು ಅಂತ ಕೊರಗಿದ್ದು, ಅಸಲಿ ತೊಂದರೆ ಕಪ್ಪಿನ ಮೇಲೆ ಕಪ್ಪು ಕೂತಿದ್ದು.

ಎರಡನೇದು, ದೋಣಿ ಮತ್ತೆ ಹಿಂದಿನ ದ್ವೀಪ ಅಂಟ್ಕೊಂಡಿವೆ. ಹತ್ತು ಹೆಜ್ಜೆ ಪಕ್ಕಕ್ಕೆ ನಡಿ. ದೋಣಿ ಹತ್ರ ಇರೋದ್ರಿಂದ ಜಾಗ ಬದಲಾಯಿಸ್ತದೆ, ದ್ವೀಪ ಅಲ್ಲೇ ಇರ್ತದೆ, ಮಧ್ಯ ಒಂದು ಬೆಳಕಿನ ಸಂದು ಬಿತ್ತು ಅಂದ್ರೆ ಸಾಕು. ಜೂಮು ತಿರುಗಿಸಿದ್ರೆ ಈ ಸಂದು ಬರೂದಿಲ್ಲ, ಕಾಲೇ ನಡೀಬೇಕು.

ಮೂರು ಪಾಲಿನ ಲೆಕ್ಕ (ಫೋಟೋನ ಮೂರು ಪಾಲು ಮಾಡಿ ಮುಖ್ಯವಾದ್ದನ್ನ ಆ ಗೆರೆ ಮೇಲೆ ಇಡೂದು) ಅಂತ ಎಲ್ಲರೂ ಹೇಳ್ತಾರೆ, ನಾ ಅದನ್ನ ಅಷ್ಟು ದೊಡ್ಡ ಮಾಡೂದಿಲ್ಲ. ಆಕಾಶ ಚಂದ ಇದ್ರೆ ಆಕಾಶಕ್ಕೆ ಜಾಗ ಜಾಸ್ತಿ ಕೊಡು, ಒದ್ದೆ ಮರಳಲ್ಲಿ ಬಣ್ಣ ಬಿದ್ದಿದ್ರೆ ಮರಳಿಗೆ ಕೊಡು. ಎರಡೂ ಬೋಳಾಗಿದ್ರೆ ಕ್ಯಾಮೆರಾ ಚೀಲಕ್ಕೆ ಹಾಕಿ ಚಾ ಕುಡಿ.

ಕ್ಲಿಕ್ ರಾಜ:

ಸರ್ ಅದೆಲ್ಲ ಸರಿ, ಆದ್ರೆ ಇಂಥ ಸಣ್ಣ ಕ್ರಾಪ್ ಸೆನ್ಸರಲ್ಲಿ ಎಷ್ಟು ಮಂಡಿ ಊರಿದ್ರೂ ಅಷ್ಟೇ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ತಗೊಂಡ್ರೆ ಲೆವೆಲ್ಲೇ ಬೇರೆ.

ಬಳಚು ಸಾರು:

ರಾಜಣ್ಣ, ಹುಡುಗ ದುಡ್ಡಿಲ್ಲ ಅಂದಿದ್ದು ಓದಿಲ್ವಾ. ನೀನೇ ಒಂದು ಕೊಡಿಸು ನೋಡೋಣ.

ಕುಮಟೆಕಾರ:

ಹಳೇ ರೀಲು ಸರ್, ನೀವು ಹೇಳಿದ್ಮೇಲೆ 140 ಫೋಟೋ ಕೂತು ನೋಡಿದೆ. ಎಲ್ಲದರಲ್ಲೂ ಗೆರೆ ಜನರ ತಲೆಯಲ್ಲೇ ಇದೆ!! ಒಂದೇ ಒಂದರಲ್ಲಿ ಇಲ್ಲ, ಅದು ನಾನು ಚಪ್ಪಲಿ ಹುಡುಕೋಕೆ ಬಗ್ಗಿದಾಗ ತಪ್ಪಿ ಒತ್ತಿದ್ದು. ಮಂಗಟ್ಟೆ ಸರ್, ಆಟೋ ಐಎಸ್‌ಒ ಆನ್ ಇತ್ತು, ನಿಮಗೆ ಹೇಗೆ ಗೊತ್ತಾಯ್ತೋ. ಈ ಶನಿವಾರ ಮತ್ತೆ ಹೋಗೋಣ ಅಂತಿದ್ದೀನಿ. ಎಷ್ಟು ಗಂಟೆಗೆ, ಯಾವ ಕಡೆ ನಿಲ್ಲಬೇಕು ಅಂತ ಕಾರವಾರದವ್ರು ಯಾರಾದ್ರೂ ಇದ್ರೆ ಹೇಳಿ.

ಕಾಳಿ ಅಳಿವೆ:

ನಾನಿದ್ದೀನಿ, ಹುಟ್ಟಿ ಬೆಳೆದದ್ದೇ ಇಲ್ಲಿ. ಈಗ ಸೂರ್ಯ ಮುಳುಗೋದು ಸಂಜೆ ಆರರ ಆಸುಪಾಸು, ನೀನು ಐದಕ್ಕೆಲ್ಲ ಬಂದು ಒಂದು ಸುತ್ತು ಸುಮ್ನೆ ನಡೆದು ನೋಡು. ಸೂರ್ಯ ವರ್ಷ ಇಡೀ ಒಂದೇ ಕಡೆ ಮುಳುಗ್ತಾನೆ ಅಂದ್ಕೊಂಡ್ರೆ ತಪ್ಪು. ಡಿಸೆಂಬರಲ್ಲಿ ನೇರ ಪಶ್ಚಿಮದಿಂದ ಎಡಕ್ಕೆ, ಅಂದ್ರೆ ಬೈತಖೋಲ ಕಡೆಗೆ ಸುಮಾರು 24 ಡಿಗ್ರಿ ಸರಿದಿರ್ತಾನೆ, ಜೂನಲ್ಲಿ ಅಷ್ಟೇ ಡಿಗ್ರಿ ಬಲಕ್ಕೆ ಕಾಳಿ ಅಳಿವೆ (ನದಿ ಸಮುದ್ರ ಸೇರೋ ಜಾಗ) ಕಡೆಗೆ. ಜೂನಲ್ಲಿ ಮೋಡ ಬಿಟ್ಟು ಕಾಣಿಸಿದ್ರೆ ನಿನ್ನ ಪುಣ್ಯ. ಹಾಗಾಗಿ ಮೇ ತಿಂಗಳಲ್ಲಿ ಯಾರೋ ತೆಗೆದ ಫೋಟೋ ನೋಡಿ ಅದೇ ಜಾಗದಲ್ಲಿ ಡಿಸೆಂಬರಲ್ಲಿ ಬಂದು ನಿಂತ್ರೆ ಸೂರ್ಯ ಬೇರೆಲ್ಲೋ ಇರ್ತಾನೆ. ಮೊಬೈಲಲ್ಲಿ ಸೂರ್ಯನ ದಿಕ್ಕು ತೋರ್ಸೋ ಆಪ್ ಇರತ್ತೆ, ಮನೆಯಲ್ಲೇ ನೋಡ್ಕೊಂಡು ಬಾ.

ಇನ್ನೊಂದು, ನೀರಿನ ಲೆಕ್ಕ. ಇಳಿತ ಇರುವಾಗ ಬಂದ್ರೆ ಮರಳು ಒದ್ದೆಯಾಗಿ ಕನ್ನಡಿ ಥರ ಇರತ್ತೆ, ಆಕಾಶದ ಬಣ್ಣ ಎಲ್ಲ ಅದ್ರಲ್ಲಿ ಬೀಳತ್ತೆ. ಆದ್ರೆ ಅದು ನಿಂತವ್ನಿಗೆ ಅಷ್ಟಾಗಿ ಕಾಣಲ್ಲ, ಹಳೇ ರೀಲು ಸರ್ ಹೇಳಿದ ಹಾಗೆ ಕೂತ್ರೆ ಕಾಣತ್ತೆ, ಕ್ಯಾಮೆರಾ ಕೆಳಗಿಳಿದಷ್ಟೂ ಜಾಸ್ತಿ. ಹುಣ್ಣಿಮೆ ಅಮಾವಾಸ್ಯೆ ಹತ್ರ ನೀರು ತುಂಬಾ ಹಿಂದೆ ಸರಿಯತ್ತೆ. ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ, ಇವತ್ತು ಐದಕ್ಕೆ ಇಳಿತ ಇದ್ರೆ ನಾಳೆ ಐದೂ ಐವತ್ತಕ್ಕೆ. ಟೈಡ್ ಟೇಬಲ್ ನೋಡಿ ಶನಿವಾರವೋ ಭಾನುವಾರವೋ ಅಂತ ಆರಿಸ್ಕೋ.

ಬೆಳಿಗ್ಗೆ ಬೇಗ ಬರೋಕಾದ್ರೆ ರಂಪಣಿ (ದಡದಿಂದ ಎಳೆಯೋ ದೊಡ್ಡ ಮೀನು ಬಲೆ) ಎಳೆಯೋದು ಸಿಕ್ಕಿದ್ರೂ ಸಿಗಬಹುದು, ಮಳೆಗಾಲ ಮುಗಿದ್ಮೇಲೆ ಅದರ ಕಾಲ. ಎರಡು ಕಡೆ ಸಾಲಾಗಿ ನಿಂತು ಹಗ್ಗ ಎಳೀತಾರೆ, ಆ ಎರಡು ಹಗ್ಗ ಸೀದಾ ನೀರೊಳಗೆ ಹೋಗಿರತ್ತೆ, ಕಣ್ಣನ್ನ ತಾನಾಗೇ ಬಲೆ ತನಕ ಕರ್ಕೊಂಡು ಹೋಗತ್ತೆ. ಹಗ್ಗದ ಪಕ್ಕ ಕೂತು 18ರಲ್ಲಿ ತೆಗೆ. ಶಟರ್ 1/500 ಇಟ್ಕೋ, ಕಾಲಿಂದ ಚಿಮ್ಮೋ ನೀರು ನಿಲ್ಲಬೇಕಲ್ಲ. ಆದ್ರೆ ಹಗ್ಗ ದಾಟಬೇಡ, ಕೆಲಸದ ಮಧ್ಯ ಅಡ್ಡ ನಿಂತು ಈ ಕಡೆ ನೋಡಿ ಅಂತ ಕರೀಬೇಡ. ಮೊದಲು ಕೇಳು, ಸಾಧ್ಯ ಆದ್ರೆ ಸ್ವಲ್ಪ ಹೊತ್ತು ನೀನೂ ಹಗ್ಗ ಹಿಡಿ, ಆಮೇಲೆ ಮೀನೂ ಸಿಗತ್ತೆ ಫೋಟೋನೂ ಸಿಗತ್ತೆ.

ಸದಾಶಿವಗಡ ಗುಡ್ಡದ ಮೇಲಿಂದ ಕಾಳಿ ಅಳಿವೆ, ಸೇತುವೆ ಎಲ್ಲ ಒಂದೇ ಫ್ರೇಮಿಗೆ ಬರತ್ತೆ. ಹಳೇ ಸೇತುವೆ 2024ರ ಆಗಸ್ಟಲ್ಲಿ ಕುಸಿದು ಹೋಯ್ತು. ಅದಕ್ಕೂ ಮೊದಲು ಎಷ್ಟೋ ಸಲ ಅಲ್ಲಿಂದ ಫೋಟೋ ತೆಗೆಯುವಾಗ ಎರಡೆರಡು ಸೇತುವೆ ಗಲೀಜು ಕಾಣತ್ತೆ ಅಂತ ಹಳೇದನ್ನ ಫ್ರೇಮಿಂದ ಹೊರಗಿಡೋಕೆ ಒದ್ದಾಡ್ತಿದ್ದೆ. ಈಗ ಹುಡುಕಿದ್ರೆ ಅದು ಪೂರ್ತಿ ಕಾಣೋ ಫೋಟೋ ನನ್ನ ಹತ್ರ ಎರಡೇ ಇದೆ.

ಡ್ರೋನ್ ಗೀನ್ ಇದ್ರೆ ಮನೆಯಲ್ಲೇ ಇಟ್ಟು ಬಾ. ಅರಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಕ್ಯಾಮೆರಾ ಎತ್ತೋ ಮೊದಲು ಬೋರ್ಡ್ ಓದು. ಮನೆಗೆ ಹೋದ್ಮೇಲೆ ಬಟ್ಟೆಯನ್ನ ಸಿಹಿ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕ್ಯಾಮೆರಾ ಬಾಡಿ, ಟ್ರೈಪಾಡ್ ಕಾಲು ಎಲ್ಲ ಒರೆಸು. ಒಣ ಬಟ್ಟೆಯಲ್ಲಿ ತಿಕ್ಕಿದ್ರೆ ಉಪ್ಪು ಮರಳು ಸೇರಿ ಗೀರು ಬೀಳತ್ತೆ. ಬೀಚಲ್ಲಿ ಲೆನ್ಸ್ ಬಿಚ್ಚಬೇಡ.

ತೋಟದ ಮನೆ:

ಸಿದ್ದಾಪುರದ ಕಡೆಯವಳು ನಾನು. ಎಲ್ಲರೂ ಬೀಚಲ್ಲೇ ಕೂತ್ರಿ, ಹುಡುಗ ಕೇಳಿದ ಜಲಪಾತ ಬಿಟ್ಟೇ ಬಿಟ್ರಿ.

ಮಧ್ಯಾಹ್ನ ಹನ್ನೆರಡೂವರೆಗೆ ಬಿಸಿಲಲ್ಲಿ ನೀರು ತೆಗೆದ್ರೆ ಸುಣ್ಣದ ಹಾಗೆ ಬರೋದೇ ಸರಿ ತಮ್ಮಾ, ಅದಕ್ಕೆ ಸೆಟ್ಟಿಂಗ್ ಏನೂ ಇಲ್ಲ. ಮೋಡ ಮುಚ್ಚಿದ ದಿನ ಹೋಗು, ಇಲ್ಲಾ ಬಿಸಿಲು ಕಣಿವೆಗೆ ಇಳಿಯೋ ಮೊದಲು ಬೆಳಿಗ್ಗೆ ಹೋಗು. ಕಾಡಿನ ನೆರಳಲ್ಲಿ ಐಎಸ್‌ಒ 100, ಎಫ್11 ಇಟ್ರೆ ಶಟರ್ ತಾನಾಗೇ 1/4 ಸೆಕೆಂಡ್ ಹತ್ರ ಬರತ್ತೆ, ಎನ್‌ಡಿ ಫಿಲ್ಟರ್ (ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು) ಅಂತ ದುಡ್ಡು ಹಾಕೋ ಅವಶ್ಯಕತೆನೇ ಬೀಳಲ್ಲ. ಎಫ್22ಕ್ಕೆ ಹೋಗ್ಬೇಡ, ಫೋಟೋ ಪೂರ್ತಿ ಮೆತ್ತಗಾಗತ್ತೆ. ಒಂದು ಫಿಲ್ಟರ್ ತಗೊಳ್ಳೋದೇ ಆದ್ರೆ ಪೋಲರೈಸರ್ ತಗೋ. ಅದನ್ನ ತಿರುಗಿಸ್ತಾ ಬಂದ್ರೆ ಒದ್ದೆ ಕಲ್ಲು, ಎಲೆ ಮೇಲಿನ ಬಿಳೀ ಹೊಳಪು ಹೋಗಿ ಒಳಗಿನ ಹಸಿರು, ಕಲ್ಲಿನ ಮೇಲಿನ ಹಾವಸೆ ಬಣ್ಣ ಎದ್ದು ಬರತ್ತೆ, ಅದು ಮನೆಗೆ ಬಂದು ಸಾಫ್ಟ್‌ವೇರಲ್ಲಿ ಮಾಡೋಕೆ ಬರಲ್ಲ. ಬೆಳಕು ಒಂದೂವರೆ ಎರಡು ಸ್ಟಾಪು ತಿನ್ನೋದ್ರಿಂದ ಶಟರ್ ಇನ್ನೂ ನಿಧಾನ ಆಗತ್ತೆ, ಅದು ಲಾಭವೇ. ಸೈಜು ಲೆನ್ಸ್ ಮುಂದೆ ಬರೆದಿರತ್ತೆ, 52 ಅಥವಾ 55, ನೋಡಿ ತಗೋ. ಟ್ರೈಪಾಡ್ ಮೇಲೆ ಇಟ್ಟಾಗ ವಿಆರ್ (ಕೈ ನಡುಕ ಸರಿ ಮಾಡೋದು) ಆಫ್ ಮಾಡು, ಎರಡು ಸೆಕೆಂಡ್ ಟೈಮರ್ ಹಾಕು, ನಿನ್ನ ಬೆರಳು ಒತ್ತಿದ್ದೇ ಸಾಕು ಅಂಥ ಟ್ರೈಪಾಡ್ ಅಲುಗಾಡೋಕೆ. ಚೀಲಕ್ಕೆ ಕಲ್ಲು ತುಂಬಿ ಮಧ್ಯದ ಕಂಬಕ್ಕೆ ಕಟ್ಟಿದ್ರೆ ಮಲಗೋದು ಕಮ್ಮಿ ಆಗತ್ತೆ.

ಎಷ್ಟು ನಿಧಾನ ಅನ್ನೋದು ನಿನ್ನ ಇಷ್ಟ. ಎರಡು ಮೂರು ಸೆಕೆಂಡ್ ಇಟ್ಟು ಹಾಲು ಸುರಿದ ಹಾಗೆ ಮಾಡೋರು ಇದ್ದಾರೆ, ನನಗೆ ಅದು ಸೇರಲ್ಲ, 1/4 ರಿಂದ 1/8ರಲ್ಲಿ ನೀರು ಎಳೆ ಎಳೆಯಾಗಿ ಬರತ್ತಲ್ಲ ಅದೇ ಚಂದ. ನಮ್ಮ ಉಂಚಳ್ಳಿಯಂಥ ಕಡೆ ಈ ಲೆಕ್ಕ ನಡೆಯಲ್ಲ. 116 ಮೀಟರ್ ಮೇಲಿಂದ ಬೀಳೋ ನೀರು, ಕೆಪ್ಪ ಜೋಗ ಅಂತ್ಲೇ ಊರವ್ರು ಕರೆಯೋದು ಅಬ್ಬರಕ್ಕೆ, ಅದನ್ನ ನಿಧಾನ ಶಟರಲ್ಲಿ ನುಣ್ಣಗೆ ಮಾಡಿದ್ರೆ ದೂರದಿಂದ ಒಣಗೋಕೆ ಹಾಕಿದ ಸೀರೆ ಥರ ಕಾಣತ್ತೆ. ಅಲ್ಲಿ 1/250, 1/500 ಇಟ್ಟು ನೀರು ಒಡೆದು ಹೊಗೆ ಏಳೋದನ್ನ ತೆಗಿ.

ಯಾಣದ ಬಂಡೆಗೆ ಬೇರೆಯೇ ತೊಂದರೆ. ಕಪ್ಪು ಕಲ್ಲು, ಕ್ಯಾಮೆರಾ ಅದನ್ನ ನೋಡಿ ಕತ್ತಲೆ ಅಂದ್ಕೊಂಡು ಬೂದಿ ಬಣ್ಣ ಮಾಡ್ಬಿಡತ್ತೆ, -1 ಮಾಡಿದ್ರೇ ಕಲ್ಲು ಕಲ್ಲಿನ ಬಣ್ಣಕ್ಕೆ ಬರೋದು. ಮಳೆಗಾಲದಲ್ಲಿ ಬಿಳೀ ಆಕಾಶ ಫ್ರೇಮಿಗೆ ತಗೋಬೇಡ. ಭೈರವೇಶ್ವರ ಶಿಖರ 120 ಮೀಟರ್ ಅಂತ ಬೋರ್ಡಲ್ಲಿ ಓದಿದ್ರೂ ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ, ಬುಡದಲ್ಲಿ ಒಬ್ಬ ಮನುಷ್ಯನ್ನ ನಿಲ್ಸು, ಅವಾಗ ಗೊತ್ತಾಗತ್ತೆ.

ತೋಟದ ಒಳಗೆ ಬಿಸಿಲಲ್ಲಿ ತೆಗೆದ್ರೆ ಮುಖದ ಮೇಲೆಲ್ಲ ಚುಕ್ಕಿ ಚುಕ್ಕಿ ಬೆಳಕು ಬಿದ್ದು ಸಿಡುಬು ಎದ್ದ ಹಾಗೆ ಆಗತ್ತೆ. ಎಂಟರೊಳಗೆ ಮುಗಿಸು. ಕ್ಯಾಮೆರಾ ಮೇಲಕ್ಕೆ ಎತ್ತಿದ್ರೆ ಅಡಿಕೆ ಮರ ಎಲ್ಲ ಒಂದಕ್ಕೊಂದು ಒರಗ್ತವೆ, ನೇರ ಹಿಡಿದು ಸ್ವಲ್ಪ ಹಿಂದೆ ಹೋಗಿ ತೆಗಿ. ಅಡಿಕೆ ಕೊನೆ (ಗೊನೆ) ಕೊಯ್ಲಿನ ದಿನ ಬಾ ಬೇಕಾದ್ರೆ, ಗೊನೆ ಇಳಿಸೋ ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೀಕೋದನ್ನ ಹಿಡಿಯೋಕೆ 1/1000 ಬೇಕು, ಐಎಸ್‌ಒ 1600 ಆದ್ರೂ ಪರವಾಗಿಲ್ಲ, ಕಾಳು ಕಾಳು ಬಂದ್ರೆ ಬರಲಿ, ಅಲುಗಿದ ಫೋಟೋಕಿಂತ ಮೇಲು.

ಕೊನೇದು, ಇದನ್ನ ಯಾರೂ ಮೊದಲೇ ಹೇಳಲ್ಲ, ಫಂಗಸ್. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಬರತ್ತೆ, ಲೆನ್ಸ್ ಏನು ದೇವರ ಮಗನಾ. ನನ್ನ ಮೊದಲ ಲೆನ್ಸನ್ನ ಭದ್ರವಾಗಿರಲಿ ಅಂತ ಅದರ ಚೀಲದಲ್ಲೇ ಹಾಕಿ ಬೀರುವಲ್ಲಿ ಇಟ್ಟಿದ್ದೆ. ಜೂನಲ್ಲಿ ಇಟ್ಟು ಸೆಪ್ಟೆಂಬರಲ್ಲಿ ತೆಗೆದು ನೋಡಿದ್ರೆ ಒಳಗಿನ ಗಾಜಿನ ಮೇಲೆ ಬಿಳೀ ಜೇಡರ ಬಲೆ ಥರ ಕವಲೊಡೆದು ಹರಡಿತ್ತು. ಆ ಚೀಲವೇ ಶತ್ರು, ಅದರ ಸ್ಪಂಜು ನೀರು ಹೀರ್ಕೊಂಡು ಕೂರತ್ತೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿ ಇಡು, ನೀಲಿ ಹರಳು ಗುಲಾಬಿ ಆದ್ರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗತ್ತೆ (ಒಗ್ಗರಣೆ ಬಾಣಲೆ ಅಲ್ಲ, ಅದಕ್ಕೆ ಅಂತ ಒಂದು ಹಳೇದು ಇಟ್ಕೋ). ಡಬ್ಬದೊಳಗೆ ತೇವ 40ರಿಂದ 50 ಶೇಕಡಾ ಇದ್ರೆ ಸಾಕು, ಅಳೆಯೋ ಸಣ್ಣ ಮೀಟರ್ ಸಿಗತ್ತೆ. ಅಕ್ಕಿ ಡಬ್ಬದಲ್ಲಿ ಇಡು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡ, ಹಿಟ್ಟಿನ ಧೂಳು ಒಳಗೆ ಹೋಗತ್ತೆ.

ಹಳೇ ರೀಲು:

ಅಕ್ಕಾ ಹೇಳಿದ್ದು ಖರೆ. ನಾವೆಲ್ಲ ತೇವ ಆಗದ ಹಾಗೆ ಮರದ ಕಪಾಟಲ್ಲಿ ಜೀರೋ ಬಲ್ಬು ಹಚ್ಚಿಟ್ಟು ಬಚಾವ್ ಆದವರು. ಮಳೆಗಾಲದಲ್ಲಿ ಕರೆಂಟು ಹೋದ್ರೆ ಮಕ್ಕಳಿಗಿಂತ ಮೊದಲು ಕಪಾಟು ನೆನಪಾಗ್ತಿತ್ತು.

ಕುಮಟೆಕಾರ:

ಹೋಗಿ ಬಂದೆ. ಶನಿವಾರ ಅಲ್ಲ, ಟೈಡ್ ನೋಡಿ ಭಾನುವಾರ. ವರದಿ ಕೊಡ್ತೀನಿ.

ಮೊದಲು ತಪ್ಪು. ಆರೂಕಾಲಿಗೆ ಬೆಳಕು ಇಳಿದ ಮೇಲೂ ಕೈಯಲ್ಲೇ ಹಿಡಿದು ತೆಗೀತಾ ಇದ್ದೆ, ಐಎಸ್‌ಒ 100 ಎಫ್8ರಲ್ಲಿ ಶಟರ್ 1/10ಕ್ಕೆ ಇಳಿದಿದ್ದು ನೋಡೇ ಇಲ್ಲ, ಇಪ್ಪತ್ತೈದು ಫೋಟೋ ಅಲುಗಿದೆ. ಪ್ಯಾಂಟು ಮಂಡಿ ತನಕ ಒದ್ದೆ, ಒಂದು ತೆರೆ ಹೇಳದೆ ಕೇಳದೆ ಬಂದು ಸೊಂಟದ ತನಕ ಒದ್ದೆ ಮಾಡ್ತು, ಕ್ಯಾಮೆರಾ ಮೇಲೆತ್ತಿದ್ದೆ ಪುಣ್ಯಕ್ಕೆ. ಇನ್ನು ದೊಡ್ಡ ತಪ್ಪು, ಸಂಜೆ -2 ಮಾಡಿದ್ದನ್ನ ವಾಪಸ್ ಸೊನ್ನೆಗೆ ತರೋದು ಮರೆತು ಮರುದಿನ ದೊಡ್ಡಪ್ಪನ ಮನೆ ಸತ್ಯನಾರಾಯಣ ಕಥೆಗೆ ಅದೇ ಸೆಟ್ಟಿಂಗಲ್ಲಿ ಎಲ್ಲ ತೆಗ್ದೆ. ಹಗಲು ಹನ್ನೊಂದು ಗಂಟೆ ಪೂಜೆ ಮಧ್ಯರಾತ್ರಿ ಆದ ಹಾಗಿದೆ. ರಾ ಇತ್ತು ಅಂತ ಬಚಾವು, ಆದ್ರೆ 80 ಫೋಟೋ ಒಂದೊಂದೇ ಎತ್ತುತ್ತಾ ಕೂತಿದ್ದೀನಿ ಈಗ.

ಬೀಚಿಂದು ಒಂದು ಬಂದಿದೆ, ಹಾಕಿದ್ದೀನಿ ನೋಡಿ. ಎಫ್8, 1/200, ಐಎಸ್‌ಒ 100, -1.3. ಕೂತು ತೆಗೆದಿದ್ದು. ದೋಣಿ ಮೂತಿ ನಿಜವಾಗ್ಲೂ ಎದ್ದು ನಿಲ್ತು ಸರ್, ನಾನು ಎದ್ದು ಕೂತು ಎದ್ದು ಕೂತು ನಾಲ್ಕೈದು ಸಲ ನೋಡಿದೆ, ಕೂತ್ರೆ ಮೇಲೆ ಬರತ್ತೆ ಎದ್ರೆ ಮುಳುಗತ್ತೆ, ಪಕ್ಕದಲ್ಲಿ ಕಡ್ಲೆಕಾಯಿ ಮಾರೋರು ಇವನಿಗೇನಾಯ್ತು ಅಂತ ನೋಡ್ತಿದ್ರು. ದ್ವೀಪಕ್ಕೂ ದೋಣಿಗೂ ಸಂದು ಬರೋಕೆ ಹತ್ತು ಹೆಜ್ಜೆ ಸಾಲಲಿಲ್ಲ, ಇಪ್ಪತ್ತೆರಡು ಬೇಕಾಯ್ತು. ಎಡಗಡೆ ಕೆಳಗೆ ಒಂದು ಹಗ್ಗದ ಸುರುಳಿ ಬಂದಿದೆ, ಅದನ್ನ ಕತ್ತರಿಸಲಾ ಬಿಡಲಾ?

ಹಳೇ ರೀಲು:

ಬಿಡು. ಹಗ್ಗ ದೋಣಿ ಕಡೆಗೇ ಮುಖ ಮಾಡಿ ಬಿದ್ದಿದೆ, ಅದು ಇಲ್ಲಾಂದ್ರೆ ಆ ಮೂಲೆ ಬೋಳಾಗ್ತಿತ್ತು. ಮೇಲಿನ ಆಕಾಶ ಒಂದು ಬೆರಳಷ್ಟು ಕತ್ತರಿಸು, ಅಲ್ಲಿ ಎಂತದೂ ಇಲ್ಲೆ. ಗೆರೆ ಇನ್ನೂ ಕೂದಲೆಳೆ ಎಡಕ್ಕೆ ವಾಲಿದೆ. ಮುಂದಿನ ಸಲ ಲೈವ್ ವ್ಯೂನಲ್ಲಿ ಗ್ರಿಡ್ ಹಾಕ್ಕೋ.

ಮಂಗಟ್ಟೆ:

-2 ಮರೆಯೋದು ಎಲ್ಲರಿಗೂ ಆಗತ್ತೆ, ನಾನು ಒಂದು ಇಡೀ ಬೆಳಗಿನ ಮಂಗಟ್ಟೆ ಹಾರಾಟವನ್ನ +2ರಲ್ಲಿ ತೆಗ್ದಿದ್ದೀನಿ, ಅದನ್ನ ಎತ್ತೋಕೂ ಬರಲ್ಲ. ಕ್ಯಾಮೆರಾ ಆಫ್ ಮಾಡೋ ಮೊದಲು ಸೊನ್ನೆಗೆ ತರೋ ಅಭ್ಯಾಸ ಮಾಡ್ಕೊಳ್ಳಿ.

ಬಳಚು ಸಾರು:

ಅದೆಲ್ಲ ಇರಲಿ, ಅಜ್ಜಿ ಏನಂದ್ರು?

ಕುಮಟೆಕಾರ:

ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. ಆಮೇಲೆ ದೋಣಿ ಯಾರದ್ದೋ ಅಂತ ಕೇಳಿದ್ರು. ನಂಗೆ ಗೊತ್ತಿಲ್ಲ ಅಂದೆ. ಗೊತ್ತಿಲ್ದೆ ತೆಗ್ದಿದ್ಯಾ ಅಂದ್ರು.

ಕಾಳಿ ಅಳಿವೆ:

ದೋಣಿ ಯಾರದ್ದು ಅಂತ ನಂಗೆ ಗೊತ್ತು, ಮೂತಿಯ ಬಣ್ಣದ ಪಟ್ಟಿ ನೋಡಿದ ಕೂಡ್ಲೇ ತಿಳೀತು. ಮುಂದಿನ ಸಲ ಬರುವಾಗ 8x12 ಪ್ರಿಂಟ್ ಎರಡು ಹಾಕಿಸ್ಕೊಂಡು ಬಾ, ಒಂದು ಅವ್ರಿಗೆ ಕೊಡೋಣ. ಮ್ಯಾಟ್ ಹಾಕಿಸು, ಗ್ಲಾಸಿ ಬೇಡ, ಉಪ್ಪುಗಾಳಿಗೆ ಬೆರಳಚ್ಚು ಎಲ್ಲ ಅಂಟತ್ತೆ.